ಹೊಳಪು ಬ್ಯಾಡ್ರಿ, ಗುಂಡು ಉರುಳಿದ್ರ ಸಾಕು

ಹಳೇ ಸಾಮಾನು ರಿಪೇರಿ ಮಾಡೋ ವಿಡಿಯೋ ನೀವೂ ಮೊಬೈಲಿನ್ಯಾಗ ನೋಡಿರ್ತೀರಿ. ತುಕ್ಕು ಹಿಡಿದ ಹೊಲಿಗಿ ಮಷಿನ್ನೋ, ಇಸ್ತ್ರಿ ಪೆಟ್ಟಿಗಿನೋ ತರ್ತಾರ. ಬಿಚ್ಚತಾರ, ತಿಕ್ಕತಾರ, ಬಣ್ಣ ಹೊಡಿತಾರ. ಹತ್ತು ನಿಮಿಷದಾಗ ಅದು ಅಂಗಡಿಯಿಂದ ಈಗ ತಂದಂಗ ಥಳಥಳ ಅಂತೈತಿ. ಮಧ್ಯಾಹ್ನ ಊಟ ಆಗಿ ಭಾಂಡಿ ತೊಳದ ಮ್ಯಾಲೆ ಅವನ್ನ ನೋಡಿಕೋತ ಕುಂದ್ರೋದು ನನಗೂ ಚಟ ಆಗಿತ್ತು. ಅದರಾಗ ನನಗ ಭಾಳ ಸೇರಿದ್ದು ಪಿನ್‌ಬಾಲ್ ಮಷಿನ್ ರಿಪೇರಿ. ಅದನ್ನ ನೋಡೇ ನಾನು ಒಂದು ತಪ್ಪು ಮಾಡಿದೆ. ಆ ತಪ್ಪು ಕಲಿಸಿದ್ದು ಇಷ್ಟ: ಮನ್ಯಾಗ ಹಳೇ ಆಟದ ಸಾಮಾನು ರಿಪೇರಿ ಮಾಡೋರು, ಆಟ ಯಾತರಿಂದ ನಿಂತೈತೋ ಅದನ್ನಷ್ಟ ಸರಿ ಮಾಡಬೇಕು. ಉಳಿದಿದ್ದಕ್ಕ ಕೈ ಹಚ್ಚಬಾರದು.

ನಮ್ಮ ಹತ್ರ ಕರೆಂಟಿನ ಪಿನ್‌ಬಾಲ್ ಎಲ್ಲಿಂದ ಬರಬೇಕ್ರಿ. ನಮ್ಮದು ಅದರ ಮುತ್ತಜ್ಜಿ. ಒಂದು ಮೊಳಕ್ಕಿಂತ ಸ್ವಲ್ಪ ಉದ್ದದ ಪ್ಲೈವುಡ್ ಹಲಗಿ, ಮ್ಯಾಲೆ ಕಮಾನಿನಂಗ ದುಂಡು. ತುಂಬ ಹಿತ್ತಾಳಿ ಮೊಳಿ, ನಡುವ ನಡುವ ನಂಬರ್ ಬರದ ಮನಿ, ಬಲಗಡಿ ಸ್ಪ್ರಿಂಗಿನ ಕೋಲು. ಕೋಲು ಎಳೆದು ಬಿಟ್ರ ಕಬ್ಬಿಣದ ಗುಂಡು ಕಮಾನು ಸುತ್ತಿ, ಮೊಳಿಗೆ ಬಡಕೊಂಡು ಯಾವದರ ಒಂದು ಮನ್ಯಾಗ ಬೀಳ್ತೈತಿ. ಇಂಗ್ಲಿಷಿನಾಗ ಬ್ಯಾಗಟೆಲ್ ಅಂತಾರ. ನಾವು ಗುಂಡಿನ ಹಲಗಿ ಅಂತಿದ್ವಿ. ಅಪ್ಪ ಹುಬ್ಬಳ್ಳಿ ದುರ್ಗದಬೈಲಿಗೆ ಸಂತಿಗೆ ಹೋದಾಗ ತಂದಿದ್ದು. ಆವಾಗ ಭಾಳ ಮನ್ಯಾಗ ಕೇರಂ ಬೋರ್ಡಿನ ಹಿಂದ ಇದೂ ಒಂದು ಇರ್ತಿತ್ತು.

ಮುತ್ತಜ್ಜಿ ಅಂದದ್ದು ಸುಳ್ಳಲ್ಲ. ಈ ಆಟ ಫ್ರಾನ್ಸ್ ದೇಶದ ದೊಡ್ಡ ಮನಿತನದವರ ಕಾಲಹರಣ ಆಗಿತ್ತು. 1871ರಾಗ ಅಮೆರಿಕಾದ ಸಿನ್ಸಿನಾಟಿಯೊಳಗ ಮಾಂಟೆಗ್ಯೂ ರೆಡ್‌ಗ್ರೇವ್ ಅನ್ನಾವ ಕೋಲಿಗೆ ಸ್ಪ್ರಿಂಗ್ ಹಾಕಿ ಪೇಟೆಂಟ್ ತಗೊಂಡ. 1931ರಾಗ ಗಾಟ್ಲೀಬ್ ಕಂಪನಿ ‘ಬ್ಯಾಫಲ್ ಬಾಲ್’ ಅಂತ ದುಡ್ಡು ಹಾಕಿ ಆಡೋ ಮಷಿನ್ ಮಾಡಿತು. ಕೆಳಗ ಬೀಳೋ ಗುಂಡನ್ನ ವಾಪಸ್ ಮ್ಯಾಲೆ ಹೊಡಿಯೋ ರೆಕ್ಕಿ ಬಂದಿದ್ದು 1947ರಾಗ, ಅದ ಕಂಪನಿಯ ‘ಹಂಪ್ಟಿ ಡಂಪ್ಟಿ’ಯೊಳಗ. ಅಲ್ಲೀತನಕ ಪಿನ್‌ಬಾಲ್ ಅಂದ್ರೂ ನಮ್ಮ ಹಲಗಿನ. ಗುಂಡು ಬಿಟ್ಟ ಮ್ಯಾಲೆ ಮೊಳಿ ಹೇಳಿದಂಗ ಕೇಳಬೇಕು.

ಹೋದ ವರ್ಷ ಹಳಿಯಾಳದ ತವರುಮನಿ ಹೆಂಚು ತಗಸೋ ಮುಂದ ಅಟ್ಟದ ಮ್ಯಾಲೆ ಈ ಹಲಗಿ ಸಿಕ್ತು. ಅಣ್ಣನ ಮಗ ಫೋನ್ ಮಾಡಿ, “ಅತ್ತಿ, ಇದನ್ನ ನೀವ ಒಯ್ಯಿರಿ, ಇಲ್ಲಿ ಧೂಳಾಗ ಹಾಳಾಗ್ತೈತಿ” ಅಂದ. ಸನವಳ್ಳಿಗೆ ತಂದೆ. ಹೊಗಿಗೆ ಕರ್ರಗಾಗಿತ್ತು. ಒಂದು ಮೂಲಿ ಪ್ಲೈ ಉಬ್ಬಿ ಪದರು ಬಿಟ್ಟಿತ್ತು. ಸ್ಪ್ರಿಂಗ್ ಮುರಿದಿತ್ತು. ಐದು ಗುಂಡಿನಾಗ ಮೂರ ಉಳಿದಿದ್ವು. ಕೆಳಗಿನ ಎರಡು ಕಾಲಿನಾಗ ಒಂದು ಇರಲಿಲ್ಲ.

ನಾನು ವಿಡಿಯೋ ನೋಡಿದಾಕಿ ಅಲ್ರಿ, ಪಾಲಿಶ್ ಪೇಪರ್ ತರಿಸಿದೆ. ಮ್ಯಾಲೆ ಮೊಳಿ ಅಡ್ಡ ಬರ್ತಾವಂತ ಮೊದಲು ಹಲಗಿ ಬೋರಲು ಹಾಕಿ ಹಿಂದಿನ ಮೈ ತಿಕ್ಕಾಕ ಹತ್ತಿದೆ. ಕಪ್ಪು ಹೋಗಿ ಬಿಳೇ ಕಟಗಿ ಕಾಣಿಸಿದಾಗ ಎಷ್ಟು ಹುರುಪು ಬಂತು! ಅರ್ಧ ಹಲಗಿ ಮುಗಿದ ಮ್ಯಾಲೆ ಪುಡಿ ಒರೆಸಿದರ, ನಡುವ ಬೂದಿಬಣ್ಣದ ಗೆರಿ ಕಂಡ್ವು. ಚಸ್ಮಾ ಹಾಕ್ಕೊಂಡು ನೋಡಿದೆ. ಪೆನ್ಸಿಲಿನಾಗ ಬರದ ಅಕ್ಷರ. “ದಸರಾ ಸೂಟಿ 1983” ಅಂತ ಒಂದು ಸಾಲು. ಅದರ ಕೆಳಗ ಯಾರಿಗೆ ಎಷ್ಟು ಪಾಯಿಂಟ್ ಅಂತ ಅಣ್ಣ ಬರದ ಲೆಕ್ಕ. ನನ್ನ ಹೆಸರಿನ ಮುಂದಿನ ಅಂಕಿ ನಾನ ಅಳಿಸಿದ್ದೆ. ಮ್ಯಾಲೆ ಇನ್ನೆಷ್ಟು ಸಾಲು ಇದ್ವೋ ಅವೆಲ್ಲ ಪುಡಿ ಆಗಿ ಕಸಬರಗಿ ಮುಂದ ಬಿದ್ದಿದ್ವು.

ಅಣ್ಣ ಹೋಗಿ ಆರು ವರ್ಷ ಆತು. ಫೋಟೋ ಬೇಕಾದಷ್ಟು ಅದಾವ. ಅಕ್ಷರ ಇಲ್ಲ. ಪತ್ರ ಬರಿಯೋ ಮನಷ್ಯಾ ಅಲ್ಲ ಅವ. ಆವತ್ತು ರೊಟ್ಟಿ ಬಡಿಯೋ ಮನಸಾಗಲಿಲ್ಲ, ಅನ್ನ ಇಟ್ಟು ಮುಗಿಸಿದೆ. ಅಳಿಯನಿಗೆ ಹೇಳಾಕ ನಾಕು ದಿನ ಬೇಕಾತು. ಕೇಳಿ ಅವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮ್ಯಾಲೆ, “ಉಳಿದಿದ್ದನ್ನರ ಮುಟ್ಟಬ್ಯಾಡ್ರಿ ಅತ್ತಿ. ಕಾಜು ಹಾಕಿಸಿ ಗ್ವಾಡಿಗೆ ತೂಗು ಹಾಕೋಣ” ಅಂದ.

ಅವನ ನೋವು ನನಗ ತಿಳೀತೈತಿ. ಆದ್ರ ಅದಕ್ಕೂ ನನ್ನ ಒಪ್ಪಿಗಿ ಇಲ್ಲ. ಗ್ವಾಡಿಗೆ ಹಾಕಿದ ಹಲಗಿನ ಬಂದವ್ರು “ಛಲೋ ಐತಿ” ಅಂತಾರ, ಚಾ ಕುಡಿತಾರ, ಹೋಗ್ತಾರ. ಆಡಾಕ ಬರದ ಆಟದ ಸಾಮಾನು ಬರೇ ಕಟಗಿ. ಅಣ್ಣ ಆ ಲೆಕ್ಕ ಬರದಿದ್ದು ಆಡಿದ್ದಕ್ಕ, ತೋರಸಾಕ ಅಲ್ಲ. ಹಂಗಂತ ವಿಡಿಯೋದವರಂಗ ಹೊಸದು ಮಾಡಿದ್ರ ಅದು ನಮ್ಮ ಹಲಗಿನ ಅಲ್ಲ. ಈ ಎರಡರ ನಡುವ ಒಂದು ದಾರಿ ಐತಿ. ಅದನ್ನ ನಾನು ಆಮ್ಯಾಲೆ ಹಿಡದೆ.

ಮೊದಲನೇದು, ಎಂಟು ದಿನ ಏನೂ ಮಾಡಬ್ಯಾಡ್ರಿ. ಬೆಳಕಿನಾಗ ಹಿಡಿದು ಹಿಂದ ಮುಂದ ನೋಡ್ರಿ, ಫೋಟೋ ತಗೀರಿ. ನಾನು ಇದೊಂದು ಮಾಡಿದ್ರ ಆ ಸಾಲು ಉಳೀತಿದ್ವು.

ಎರಡನೇದು, ನೀರು ದೂರ ಇಡ್ರಿ. ಹಿತ್ತಾಳಿ ಅಂದಕೂಡ್ಲೆ ನಮಗ ಹುಣಸಿಹಣ್ಣು ನೆನಪಾಗ್ತೈತಿ. ಸಮೆ, ತಂಬಿಗಿಗೆ ಅದು ಬರೋಬರಿ. ಕಟಗಿಯೊಳಗ ಬಡದ ಮೊಳಿಗೆ ಬ್ಯಾಡ. ಹುಳಿನೀರು ಮೊಳಿ ಬುಡಕ್ಕ ಇಳಿದು ಪ್ಲೈ ಪದರು ಬಿಡ್ತೈತಿ, ಮೊಳಿ ಸಡಲ ಆಗ್ತೈತಿ. ಒಣ ಹತ್ತಿ ಅರಿವಿಲೆ ಒಂದೊಂದ ಮೊಳಿ ಒರೆಸಿದೆ. ಮಿಂಚಲಿಲ್ಲ. ಮಿಂಚೋದು ಬೇಕಾಗೂ ಇರಲಿಲ್ಲ. ಹಲಗಿನ ಬಿಸಲಿಗೂ ಇಡಬ್ಯಾಡ್ರಿ, ಸೊಟ್ಟ ತಿರುಗ್ತೈತಿ. ನೆಳ್ಳಾಗ ಗಾಳಿಗೆ ಇಡ್ರಿ. ಮಳೆಗಾಲದಾಗಂತೂ ಈ ಕೆಲಸ ಬ್ಯಾಡ. ನಮ್ಮ ಕಡೆ ಆವಾಗ ಉಪ್ಪಿನ ಡಬ್ಬಿ ಸೈತ ನೀರು ಬಿಡ್ತೈತಿ. ಉಬ್ಬಿದ ಮೂಲಿ ಪೂರ್ತಿ ಒಣಗಿದ ಮ್ಯಾಲೆ ಪದರಿನೊಳಗ ಫೆವಿಕಾಲ್ ತುಂಬಿ, ಪ್ಲಾಸ್ಟಿಕ್ ಹಾಳಿ ಹಾಕಿ, ಮ್ಯಾಲೆ ಬೀಸೋಕಲ್ಲು ಹೇರಿ ಎರಡು ದಿನ ಬಿಟ್ಟೆ.

ಮೂರನೇದು ಸ್ಪ್ರಿಂಗ್ ಮತ್ತ ಗುಂಡು. ಆಟ ನಿಂತಿದ್ದು ಇವುಗಳಿಂದ, ಇವನ್ನ ಹೊಸದು ಹಾಕಾಕ ಸಂಕೋಚ ಬ್ಯಾಡ. ಸ್ಪ್ರಿಂಗ್ ಬಿರುಸಾದ್ರ ಗುಂಡು ಹಲಗಿ ಬಿಟ್ಟು ಜಿಗೀತೈತಿ, ಮೆತ್ತಗಾದ್ರ ಕಮಾನು ಮುಟ್ಟೋದಿಲ್ಲ. ಪೂರ್ತಿ ಎಳೆದು ಬಿಟ್ರ ಗುಂಡು ಕಮಾನು ಸುತ್ತಿ ಎಡದ ದಂಡಿಗೆ ಬಡಿಬೇಕು. ಅರ್ಧ ಎಳೆದ್ರ ನಡುವಿನ ಮೊಳಿಗೆ ಬೀಳಬೇಕು. ಅಷ್ಟಾದ್ರ ಸ್ಪ್ರಿಂಗ್ ಹೊಂದಿತು ಅಂತ ತಿಳೀರಿ. ಗುಂಡು ಗ್ಯಾರೇಜಿನಾಗ ಒಡದ ಬೇರಿಂಗಿನ ಒಳಗಿಂದ ಸಿಗ್ತಾವ. ಹಳೇ ಗುಂಡು ಅಳತಿಗೆ ಒಯ್ಯಿರಿ. ಕೂದಲೆಳಿಯಷ್ಟು ದಪ್ಪಾದ್ರೂ ಎರಡು ಮೊಳಿ ನಡುವ ಸಿಕ್ಕೊಂಡು ಕುಂದ್ರತೈತಿ. ಕಾಲು ಎರಡೂ ಒಂದ ಎತ್ತರ ಇರಬೇಕು. ಇಲ್ಲಂದ್ರ ಯಾರು ಹೊಡದ್ರೂ ಗುಂಡು ಒಂದ ಕಡಿ ಓಡ್ತೈತಿ.

ನಾಕನೇದು ಮೊಳಿ. ಇಲ್ಲೇ ನಮ್ಮ ಮನಿಯವ್ರಿಗೂ ನನಗೂ ವಾದ ಬಿತ್ತು. ಐನೂರರ ಮನಿ ಮುಂದಿನ ಎಡಗಡಿ ಮೊಳಿ ಒಂಚೂರು ಹೊರಗ ಬಾಗೇತಿ. “ಇಷ್ಟೆಲ್ಲಾ ಮಾಡಿ ಅದನ್ನ್ಯಾಕ ಸೊಟ್ಟ ಬಿಡ್ತಿ, ಪಕ್ಕಡಿನಾಗ ಹಿಡಿದು ನೆಟ್ಟಗ ಮಾಡ್ತೀನಿ ತಗೋ” ಅಂದ್ರು. ನಾ ಕೊಡಲಿಲ್ಲ. ಆ ಮೊಳಿ ಅಣ್ಣ ಅವ್ವನ ಅಡಕೊತ್ತಿನಿಂದ ಬಗ್ಗಿಸಿದ್ದು, ತನಗ ಐನೂರು ಬರಲಿ ಅಂತ! ಅವ್ವನ ಕೈಲೆ ಏಟೂ ತಿಂದಿದ್ದ. ಆದ್ರ ಮಾರನೇ ದಿನದಿಂದ ನಾವೆಲ್ಲರೂ ಆ ದಾರಿಗೆ ಗುರಿ ಇಟ್ಟು ಹೊಡಿಯೋದು ಕಲತಿವಿ. ಮೊಳಿ ಎಳ್ಳಷ್ಟು ವಾಲಿದ್ರ ಗುಂಡಿನ ದಾರಿನ ಬದಲಾಗ್ತೈತಿ. ಅದಕ್ಕ ಎರಡು ಹಲಗಿ ಒಂದ ನಮೂನಿ ಆಡೋದಿಲ್ಲ. ಎಲ್ಲಾ ಮೊಳಿ ನೆಟ್ಟಗ ಮಾಡಿದ್ರ ಹಲಗಿ ಚೆಂದ ಕಾಣಬಹುದು, ನಮ್ಮ ಆಟ ಇರೋದಿಲ್ಲ.

ಇದು ಬರೇ ನಸೀಬಿನ ಆಟ, ಇದಕ್ಯಾಕ ಇಷ್ಟು ಅನ್ನೋರು ಇದಾರ. ನ್ಯೂಯಾರ್ಕ್ ಊರಾಗೂ ಹಂಗ ಅಂದು, ಜೂಜು ಅಂತ 1942ರಾಗ ಪಿನ್‌ಬಾಲಿಗೆ ಬಂದಿ ಹಾಕಿದ್ರು. ಮಷಿನ್‌ಗಳನ್ನ ಸುತ್ತಿಗಿಲೆ ಒಡಿಸಿದ್ರು. 1976ರಾಗ ರೋಜರ್ ಶಾರ್ಪ್ ಅನ್ನಾವ ಅಧಿಕಾರಿಗಳ ಮುಂದ ಗುಂಡು ಎಲ್ಲಿ ಹೋಗ್ತೈತಿ ಅಂತ ಮೊದಲ ಹೇಳಿ, ಹಂಗ ಹೊಡದು ತೋರಿಸಿದ. ಆಮ್ಯಾಲೆ ಬಂದಿ ತಗದ್ರು. ಕೈಗೆ ಹಲಗಿಯ ರೂಢಿ ಆಗಬೇಕು, ಅಷ್ಟ. ರೂಢಿ ಆಗಬೇಕಂದ್ರ ಹಲಗಿ ಇದ್ದಂಗ ಇರಬೇಕು.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಚೌಕಾಬಾರ, ಪಗಡಿ, ಅಳಗುಳಿಮಣಿಯಂಥ ನಮ್ಮ ಹಳೇ ಆಟಗಳನ್ನ ಪ್ರದರ್ಶನಕ್ಕ ಇಟ್ಟು ಮತ್ತ ಜನರ ಕೈಗೆ ತರ್ತಾರ. ಒಳ್ಳೇ ಕೆಲಸ. ಗುಂಡಿನ ಹಲಗಿಗೆ ಆ ನಸೀಬಿಲ್ಲ. ಅದು ಪುರಾಣದಾಗ ಬರೋದಿಲ್ಲ, ಪರದೇಶದ್ದು, ರೇಟೂ ಇಲ್ಲ. ಅದನ್ನ ಉಳಿಸಿಕೊಳ್ಳೋರು ಮನಿಯವ್ರ ಆಗಬೇಕು. ನಿಮ್ಮ ಅಟ್ಟದಾಗೂ ಒಂದು ಇದ್ರ ಮಳೆ ಹಿಡಿಯೋದ್ರೊಳಗ ಇಳಿಸ್ರಿ. ಕರೆಂಟಿನ ಆಟದ ಸಾಮಾನಾದ್ರ ಮಾತ್ರ ವೈರಿಗೆ ನೀವು ಕೈ ಹಾಕಬ್ಯಾಡ್ರಿ, ಬಲ್ಲವರಿಗೆ ಕೊಡ್ರಿ. ಆದ್ರ ಅವರಿಗೂ ಇದ ಮಾತು ಹೇಳ್ರಿ: ಓಡೋದಷ್ಟು ಸರಿ ಮಾಡ್ರಿ, ಬಣ್ಣ ಹಂಗ ಇರಲಿ.

ದೀಪಾವಳಿಗೆ ಅಳಿಯ ಮಗಳನ್ನ ಕರಕೊಂಡು ಬಂದಿದ್ದ. ಹಲಗಿ ತಿರುಗಿಸಿ ಅವರಪ್ಪನ ಅಕ್ಷರದ ಮ್ಯಾಲೆ ಕೈ ಆಡಿಸಿದ, ನಾ ಅಳಿಸಿದ ಜಾಗಾನೂ ನೋಡಿದ, ಏನೂ ಅನ್ನಲಿಲ್ಲ. ಕಾಜಿನ ಮಾತು ಮತ್ತ ತಗೀಲಿಲ್ಲ. ಹುಡುಗಿ ಎರಡು ದಿನ “ಈ ಮೊಳಿ ಸರಿ ಇಲ್ಲ ಅಜ್ಜಿ” ಅಂತ ಜಗಳ ಮಾಡಿತು. ಮೂರನೇ ದಿನ ಅದ ಸೊಟ್ಟ ಮೊಳಿಗೆ ಬಡಿಸಿ ಐನೂರರ ಮನಿಗೆ ಹಾಕಿತು. ಹಲಗಿ ಹಿಂದ ನಾ ತಿಕ್ಕಿದ ಜಾಗ ಬಿಳಿ ಉಳದೈತಲ್ಲ, ಅಲ್ಲೇ ಪೆನ್ಸಿಲಿನಾಗ ಬರಕೊಂಡು ಹೋಗ್ಯಾಳ. ಅದಕ್ಕ ಪಾಲಿಶ್ ಪೇಪರಿನ ತುಂಡು ನಮ್ಮ ಮನ್ಯಾಗ ಈಗ ಎಲ್ಲೂ ಇಟ್ಟಿಲ್ಲ.