ರಿಸೀವರ್ ಬದಲಿಸಬೇಡಿ, ಮನೆಯೊಳಗಿನ ಕಳ್ಳನನ್ನು ಹಿಡಿಯಿರಿ

"ಫೋರ್ಟ್‌ನಲ್ಲಿ ಹ್ಯಾಮ್ ರೇಡಿಯೋ ಸತ್ತೇಹೋಯ್ತು" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸತ್ತಿಲ್ಲ ಸ್ವಾಮಿ, ಕತ್ತು ಹಿಸುಕುತ್ತಿರುವವರು ನಾವೇ! ಬೋರಾ ಬಜಾರಿನ ಹಳೇ ಕಟ್ಟಡಗಳಲ್ಲಿ ಅಂಗಡಿ, ಆಫೀಸು, ಮನೆ ಎಲ್ಲ ಒತ್ತೊತ್ತು. ಅಗ್ಗದ ಚಾರ್ಜರು, ಎಲ್‌ಇಡಿ ಬಲ್ಬು, ಲಿಫ್ಟು... 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ ಬರೀ ಗೊರಗೊರ.

ಇದಕ್ಕೆ ನಮ್ಮವರ ಮದ್ದು? ಇನ್ನೂ ದುಬಾರಿ ರಿಸೀವರ್, ಇಲ್ಲವೇ ಪ್ರೀಆಂಪ್ಲಿಫೈಯರ್! ಈ ಬ್ಯಾಂಡಿನಲ್ಲಿ ರಿಸೀವರಿನ ಸ್ವಂತ ಗದ್ದಲಕ್ಕಿಂತ ಹೊರಗಿನದೇ ಜಾಸ್ತಿ. ಪ್ರೀಆಂಪು ಮಾತನ್ನೂ ಗೊರಗೊರವನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ ಅಷ್ಟೆ.

ಮೊದಲು ರಿಸೀವರನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆರಿಸಿ. ಗದ್ದಲ ಇಳಿಯಿತೇ? ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತ ಹಿಡಿಯಿರಿ. ಎಸೆಯುವಂಥದ್ದಾದರೆ ಎಸೆಯಿರಿ, ಇಲ್ಲವಾದರೆ ಅದರ ವೈರನ್ನು ಫೆರೈಟ್ ಉಂಗುರಕ್ಕೆ ಸುತ್ತಿ. ಆಂಟೆನಾ ಕೇಬಲ್ಲಿಗೂ ಹಾಗೇ ಮಾಡಿ. ಒಂದು ಸುತ್ತು ಸಾಲದು. ಸುತ್ತು ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಗದ್ದಲ ಪಕ್ಕದ ಮನೆಯದೇ? ಸಣ್ಣ ಲೂಪ್ ಆಂಟೆನಾ ಇಟ್ಟು ತಿರುಗಿಸಿ. ಎಷ್ಟೋ ಸಲ ಅದು ತಗ್ಗುವ ಕೋನವೊಂದು ಸಿಗುತ್ತದೆ.

"ಒಂದು ಹವ್ಯಾಸಕ್ಕೆ ಇಷ್ಟೆಲ್ಲ ಯಾಕೆ ಮಾರಾಯ್ರೆ?" ಅಂತೀರಾ? 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಪೋರ್ಟ್ ಬ್ಲೇರ್‌ನಿಂದ ಸುದ್ದಿ ಮುಟ್ಟಿಸಿದವರು ಅಲ್ಲಿಗೆ ಹೋಗಿದ್ದ ಹ್ಯಾಮ್‌ಗಳು. ಕರೆಯುವವರು ಕರೆಂಟಿಲ್ಲದ ದ್ವೀಪದಲ್ಲಿರುತ್ತಾರೆ. ಕೇಳಬೇಕಾದವರು ಕರೆಂಟಿರುವ ನಮ್ಮಂಥ ಊರಲ್ಲಿ. ಆ ಕ್ಷೀಣ ದನಿಯನ್ನು ನೂರು ರೂಪಾಯಿಯ ಚಾರ್ಜರು ನುಂಗಬೇಕೇ?