ಬುರುಡೆ ಇರಲಿ ಬಿಡಿ ಮೇಡಂ

ಮೈಸೂರಿನಲ್ಲಿ ನನ್ನದು ಫೋಟೊಗೆ ಕಟ್ಟು ಹಾಕುವ ಕೆಲಸ. ಎರಡು ತಿಂಗಳ ಹಿಂದೆ ಮೇಡಂ ಒಬ್ಬರು ಹೊಸ ಮನೆಯ ಹಾಲ್‌ಗೆಂದು ಎರಡು ಪ್ರಿಂಟ್ ತಂದರು. ಎರಡೂ ಒಂದೇ ಚಿತ್ರ: ಇಂಗ್ಲೆಂಡಿನ ಜಾನ್ ವಿಲಿಯಂ ವಾಟರ್‌ಹೌಸ್ 1902ರಲ್ಲಿ ಬರೆದ ‘ದಿ ಕ್ರಿಸ್ಟಲ್ ಬಾಲ್’. ಕೆಂಪು ಉಡುಪಿನ ಹೆಂಗಸೊಬ್ಬಳು ಗಾಜಿನ ಗುಂಡು ಹಿಡಿದು ಅದನ್ನೇ ನೋಡುತ್ತಿದ್ದಾಳೆ, ಮೇಜಿನ ಮೇಲೆ ತೆರೆದ ಪುಸ್ತಕ. ಒಂದು ಪ್ರಿಂಟಿನಲ್ಲಿ ಪುಸ್ತಕದ ಹತ್ತಿರ ತಲೆಬುರುಡೆ ಇದೆ, ಇನ್ನೊಂದರಲ್ಲಿ ಆ ಜಾಗಕ್ಕೆ ಪರದೆ ಬಂದಿದೆ.

“ಬುರುಡೆ ಇಲ್ಲದ್ದಕ್ಕೇ ಹಾಕಿ ಸಾರ್, ಗೃಹಪ್ರವೇಶ ಆಗಿ ಇನ್ನೂ ವಾರ ಆಗಿಲ್ಲ” ಅಂದರು.

ಈ ಹೆದರಿಕೆ ಅವರೊಬ್ಬರದ್ದೇ ಅಲ್ಲ. ವಾಟರ್‌ಹೌಸ್ ಬುರುಡೆಯನ್ನು ಬರೆದೇ ಇದ್ದ. ಮುಂದೆ ಚಿತ್ರದ ಒಡೆಯರಾದವರೊಬ್ಬರಿಗೆ ಅದು ಹಿಡಿಸದೆ, ಮೇಲೆ ಬಣ್ಣ ಬಳಿಸಿ ಪರದೆ ಎಳೆಸಿದರು. ಎಷ್ಟೋ ವರ್ಷಗಳ ಮೇಲೆ ಆ ಬಣ್ಣ ತೆಗೆದಾಗ ಬುರುಡೆ ಇದ್ದಲ್ಲೇ ಇತ್ತು. ಅಷ್ಟರಲ್ಲಿ ಪರದೆಯ ಚಿತ್ರವೂ ಅಚ್ಚಾಗಿ ಊರೂರು ಸೇರಿತ್ತು.

ನನ್ನ ತಕರಾರು ಬುರುಡೆಯದ್ದಷ್ಟೇ ಅಲ್ಲ. ಆ ಕಾಲದ ಶ್ರೀಮಂತರಿಗೆ ಮಾಟಗಾತಿ ಬೇಕಿತ್ತು, ಅವಳ ಕಸುಬು ಬೇಡವಾಗಿತ್ತು. ಇದೇ ವಾಟರ್‌ಹೌಸ್‌ನ ‘ದಿ ಮ್ಯಾಜಿಕ್ ಸರ್ಕಲ್’ನಲ್ಲಿ ಬರಿಗಾಲ ಹೆಂಗಸು ಕೋಲಿನಿಂದ ನೆಲದ ಮೇಲೆ ಬೆಂಕಿಯ ಗೆರೆ ಎಳೆಯುತ್ತಾಳೆ, ಎಡಗೈಯಲ್ಲಿ ಕುಡುಗೋಲು, ಗೆರೆಯಾಚೆ ಕಾಗೆಗಳು. 1886ರಲ್ಲಿ ಅದನ್ನು 650 ಪೌಂಡ್ ಕೊಟ್ಟು ದೇಶದ ಸಂಗ್ರಹಕ್ಕೆ ಕೊಂಡರು. ಅದೇ ಹೊತ್ತಿಗೆ ಆ ದೇಶದಲ್ಲಿ 1824ರ ಅಲೆಮಾರಿಗಳ ಕಾಯ್ದೆ ಜಾರಿಯಲ್ಲಿತ್ತು. ಬೀದಿಯಲ್ಲಿ ಕೈ ನೋಡಿ ಭವಿಷ್ಯ ಹೇಳಿದವರಿಗೆ ಮೂರು ತಿಂಗಳವರೆಗೆ ಸಜೆ, ಅದೂ ಮೈಮುರಿಯುವ ದುಡಿಮೆಯ ಸಜೆ. ಅದೇ ಕಾಲದ ಚಿತ್ರಕಾರ ಫ್ರೆಡರಿಕ್ ಸ್ಯಾಂಡಿಸ್ ಬರೆದ ಮಾಟಗಾತಿ ‘ಮೀಡಿಯಾ’ಗೆ ಮಾದರಿಯಾಗಿ ಕೂತ ಕಿಯೋಮಿ ರೋಮಾನಿ ಹೆಣ್ಣು, ಜಿಪ್ಸಿ ಅಂತ ಕರೆಸಿಕೊಂಡ ಜನದವಳು. ಆ ಕಾಯ್ದೆ ಅಂಥ ಅಲೆಮಾರಿಗಳನ್ನೂ ಬೆನ್ನು ಹತ್ತಿತ್ತು.

ಇನ್ನೊಂದು ಮಾತು. ನಮ್ಮಜ್ಜಿಯ ಜಗಲಿಗೆ ಕೊರವಂಜಿ ಬರುತ್ತಿದ್ದಳು. ಅಜ್ಜಿ ಮೊರದಲ್ಲಿ ಅಕ್ಕಿ, ಮೇಲೊಂದು ವೀಳ್ಯದೆಲೆ ಇಟ್ಟು ಕೂರುತ್ತಿದ್ದರು. ಕೊರವಂಜಿ ಹಿಡಿದದ್ದು ಅಂಗೈ, ನೋಡುತ್ತಿದ್ದದ್ದು ಅಜ್ಜಿಯ ಮುಖ. “ದೂರ ಹೋದ ಜೀವ ಒಂದೈತೆ ತಾಯಿ” ಅಂದ ಕೂಡಲೇ ಅಜ್ಜಿಯ ಕಣ್ಣು ತುಂಬುತ್ತಿತ್ತು. ಮುಂಬೈಗೆ ಹೋದ ಚಿಕ್ಕಪ್ಪನ ಕಥೆಯನ್ನು ಉಳಿದಂತೆ ಅಜ್ಜಿಯೇ ಹೇಳಿಕೊಡುತ್ತಿದ್ದರು. ಹೋಗುವಾಗ ಕೊರವಂಜಿ ಒಂದು ಹಳೇ ಸೀರೆಯನ್ನೂ ಬಿಡುತ್ತಿರಲಿಲ್ಲ. ಕಣಿ ಅಂದರೆ ಇಬ್ಬರು ಸೇರಿ ಆಡುವ ಮಾತು. ಇಟಲಿಯ ಕರವಾಜ್ಜೊ ಇದನ್ನು ಬಲ್ಲ. 1590ರ ದಶಕದಲ್ಲಿ ಅವನು ಬರೆದ ಚಿತ್ರದಲ್ಲಿ ಜಿಪ್ಸಿ ಹುಡುಗಿಯ ಕಣ್ಣು ಸೊಗಸುಗಾರ ಹುಡುಗನ ಮುಖದ ಮೇಲಿದೆ, ಬೆರಳು ಅವನ ಉಂಗುರ ಜಾರಿಸುತ್ತಿದೆ. ಹುಡುಗನೂ ಅವಳನ್ನೇ ನೋಡಿಕೊಂಡು ನಿಂತಿದ್ದಾನೆ, ಪಾಪ. ವಾಟರ್‌ಹೌಸ್‌ನ ಹೆಂಗಸಿನ ಎದುರು ಯಾರೂ ಇಲ್ಲ. ಕೇಳುವವರೂ ಇಲ್ಲ, ಕಾಸು ಕೊಡುವವರೂ ಇಲ್ಲ. ಇರುವುದು ಅವಳ ಅಂದ, ಅದನ್ನು ನೋಡುವ ನಾವು.

ಎಲ್ಲ ಚಿತ್ರಗಳೂ ಹಾಗಲ್ಲ. ಎವೆಲಿನ್ ಡಿ ಮಾರ್ಗನ್ ಎಂಬ ಹೆಣ್ಣು 1903ರಲ್ಲಿ ಬರೆದ ‘ದಿ ಲವ್ ಪೋಷನ್’ ನೋಡಿ. ಮದ್ದು ಬೆರೆಸುವವಳ ಕಾಲ ಬಳಿ ಕರೀ ಬೆಕ್ಕು, ಬೆನ್ನಿಗೆ ಪುಸ್ತಕದ ಕಪಾಟು. ಹಳೇ ಕಾಲದ ವೈದ್ಯ, ರಸವಾದಿ ಪ್ಯಾರಾಸೆಲ್ಸಸ್‌ನ ಹೆಸರೂ ಅಲ್ಲಿದೆ. ಇವಳು ಓದಿ ಕಲಿತವಳು.

ಇದನ್ನೆಲ್ಲ ಮೇಡಂಗೆ ಹೇಳಿದೆ, ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿ. ನಕ್ಕರು, ಪರದೆಯದ್ದಕ್ಕೇ ಕಟ್ಟು ಹಾಕಿಸಿಕೊಂಡು ಹೋದರು. ಇನ್ನೊಂದು ಪ್ರಿಂಟ್ ನನಗೇ ಬಿಟ್ಟರು. ತೇಗದ ಬೀಡಿಂಗ್ ಹಾಕಿ ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದ್ದೇನೆ. ಇವತ್ತಿನವರೆಗೆ ಒಬ್ಬರೂ ಬೆಲೆ ಕೇಳಿಲ್ಲ.