ನಾಲ್ಕು ಸಹಿ, ಒಂದೇ ಪರದೆ

2024ರ ಜುಲೈ 18ರಂದು ಭಾರತದ ಕ್ರಿಪ್ಟೊ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಅದಿದ್ದದ್ದು ಮಲ್ಟಿಸಿಗ್ ವಾಲೆಟ್ಟಿನಲ್ಲಿ: ಆರು ಸಹಿದಾರರು, ನಾಲ್ಕು ಸಹಿ ಬೀಳದೆ ಬಿಡಿಗಾಸೂ ಅಲ್ಲಾಡದು. ನಾಲ್ಕೂ ಬಿದ್ದಿದ್ದವು. ಪರದೆಯಲ್ಲಿ ಕಂಡದ್ದೇ ಒಂದು, ಸಹಿಯಾದದ್ದೇ ಇನ್ನೊಂದು ಎಂದಿತು ಕಂಪನಿ. ಕಸ್ಟಡಿ ಸೇವೆ ಕೊಡುತ್ತಿದ್ದ ಲಿಮಿನಲ್, ಲೋಪ ತನ್ನ ಕಡೆಯದ್ದಲ್ಲ ಎಂದಿತು. ಯಾರದ್ದಾದರೂ ಇರಲಿ, ಆ ಸಹಿಗಳಿಂದ ವಾಲೆಟ್ಟಿನ ಕೋಡೇ ಬದಲಾಗಿಹೋಗಿತ್ತು.

ಏಳು ತಿಂಗಳ ನಂತರ ಇನ್ನೊಂದು ವಿನಿಮಯ ಕೇಂದ್ರ ಬೈಬಿಟ್‌ನಲ್ಲೂ ಅದೇ ಕತೆ. ಹೋದದ್ದು ಸುಮಾರು 150 ಕೋಟಿ ಡಾಲರ್. ಇಂಥ ವಾಲೆಟ್ಟಿನಲ್ಲಿ ಹಣವಿರುವ ವಿಳಾಸದಲ್ಲಿ ಪುಟ್ಟದೊಂದು ಪ್ರಾಕ್ಸಿ ಕೋಡ್ ಮಾತ್ರ ಇರುತ್ತದೆ. ನಿಯಮಗಳಿರುವುದು ಬೇರೊಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನಲ್ಲಿ. ಅದರ ವಿಳಾಸ ಪ್ರಾಕ್ಸಿಯ ಮೊದಲ ಸ್ಲಾಟ್‌ನಲ್ಲಿ ದಾಖಲಾಗಿರುತ್ತದೆ. ಅದನ್ನು ತಿದ್ದಿದವನೇ ಯಜಮಾನ. ಬೈಬಿಟ್ ಬಳಸುತ್ತಿದ್ದ ಸೇಫ್ ವಾಲೆಟ್ಟಿನ ಪುಟಕ್ಕೆ ನುಸುಳಿಸಿದ್ದ ಕಳ್ಳ ಜಾವಾಸ್ಕ್ರಿಪ್ಟ್ ಮೇಲೆ ಮಾಮೂಲಿ ವರ್ಗಾವಣೆ ತೋರಿಸುತ್ತ, ಒಳಗೆ ‘ಆಪರೇಷನ್’ ಎಂಬಲ್ಲಿ 0 ತೆಗೆದು 1 ಇಟ್ಟಿತ್ತು. 1 ಎಂದರೆ ಡೆಲಿಗೇಟ್‌ಕಾಲ್: ಹೊರಗಿನವರ ಕೋಡ್ ವಾಲೆಟ್ಟಿನದೇ ಅಧಿಕಾರದಲ್ಲಿ ಓಡುತ್ತದೆ, ಆ ಮೊದಲ ಸ್ಲಾಟನ್ನೂ ತಿದ್ದಬಲ್ಲದು. ಕೊನೆಯ ಸಹಿ ಹಾಕಿದವರು ಬೈಬಿಟ್ ಮುಖ್ಯಸ್ಥ ಬೆನ್ ಝೌ ಅವರೇ.

ಗುಮಾಸ್ತ ಮುಂದಿಟ್ಟ ಚೆಕ್ಕಿಗೆ ಸೊಸೈಟಿಯ ಅಧ್ಯಕ್ಷ, ಕಾರ್ಯದರ್ಶಿ ಇಬ್ಬರೂ ಕಣ್ಣುಮುಚ್ಚಿ ಸಹಿ ಮಾಡಿದರೆ ಜಂಟಿ ಸಹಿ ಇದ್ದೂ ಏನು ಉಪಯೋಗ? ಎಲ್ಲರೂ ನೋಡುವುದು ಅದೇ ಒಂದು ಪರದೆಯನ್ನಾದರೆ ನಾಲ್ಕು ಜನರ ಪರಿಶೀಲನೆ ಒಬ್ಬನದಕ್ಕೆ ಸಮ. ಸಹಿದಾರರ ಪಟ್ಟಿ ಬೆಳೆಸಿದರೆ ಸಾಲದು: 2024ರ ಅಕ್ಟೋಬರ್‌ನಲ್ಲಿ ಸುಮಾರು 5 ಕೋಟಿ ಡಾಲರ್ ಕಳೆದುಕೊಂಡ ಕ್ರಿಪ್ಟೊ ಸಾಲದ ವೇದಿಕೆ ರೇಡಿಯಂಟ್‌ನಲ್ಲಿ ಹನ್ನೊಂದು ಸಹಿದಾರರಿದ್ದರು, ಮೂರು ಸಹಿ ಸಾಕಾಗಿತ್ತು.

ಆಗಬೇಕಾದದ್ದು ದುಬಾರಿಯದ್ದೇನಲ್ಲ, ಬೇಸರದ ಕೆಲಸ, ಅಷ್ಟೆ. ಪ್ರತಿ ಸಹಿದಾರನೂ ವಹಿವಾಟಿನ ಹ್ಯಾಶ್ ಅನ್ನು (ಅದರ ವಿವರಗಳಿಂದ ಲೆಕ್ಕಹಾಕುವ ಬೆರಳಚ್ಚಿನಂಥ ಸಂಖ್ಯೆ) ಬೇರೆ ಯಂತ್ರದಲ್ಲಿ, ಬೇರೆ ತಂತ್ರಾಂಶದಿಂದ ಲೆಕ್ಕಹಾಕಿ ತಾಳೆ ನೋಡಲಿ. ಕೋಡ್ ಬದಲಿಸುವ ಅಧಿಕಾರ ಹಣ ಕಳಿಸುವವರ ಕೈಯಲ್ಲಿ ಬೇಡ. ಅದರ ಮೇಲೊಂದು ಬದಲಾವಣೆ ಜಾರಿಯಾಗುವ ಮುನ್ನ ಕಾಯಿಸುವ ಟೈಮ್‌ಲಾಕ್ ಇರಲಿ. ದೋಷ ಕಂಡಾಗ ತುರ್ತು ರಿಪೇರಿಗೆ ಇದು ಅಡ್ಡಿ ಎಂಬುದು ಡೆವಲಪರ್‌ಗಳ ಮಾಮೂಲಿ ತಕರಾರು. ತುರ್ತಿಗೆ ಬೇಕಾದದ್ದು ಕಾಂಟ್ರ್ಯಾಕ್ಟ್ ನಿಲ್ಲಿಸುವ ಗುಂಡಿ. ನಿಲ್ಲಿಸಲು ಎರಡೇ ಸಹಿ ಇರಲಿ, ಬದಲಿಸುವುದಕ್ಕೆ ಮಾತ್ರ 48 ಗಂಟೆಯಾದರೂ ಕಾಯಲಿ.